ಚಿಂದಿ ಸಂತೆಗೆ ಅಪ್ಪ ಬಂದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ತರಗತಿಯಲ್ಲಿ ವಾರಕ್ಕೊಂದು ಸಂತೆ ಸೇರುತ್ತಿತ್ತು. ಅಲ್ಲಿ ದುಡ್ಡು ನಡೆಯುತ್ತಿರಲಿಲ್ಲ, ಮಾತು ನಡೆಯುತ್ತಿತ್ತು. ಈಗ ಕೃಷ್ಣರಾಜಪುರದಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟುಕೊಂಡು ದಿನವಿಡೀ ಗಿರಾಕಿಗಳ ಜೊತೆ ಚೌಕಾಸಿ ಮಾಡುತ್ತೇನಲ್ಲ, ಆ ವಿದ್ಯೆ ಎಲ್ಲಿ ಕಲಿತೆ ಎಂದು ನೀವು ಆಗಾಗ ಕೇಳುತ್ತೀರಿ. ಆ ಸಂತೆಯಲ್ಲಿ ಕಲಿತೆ. ಗೆದ್ದ ವ್ಯಾಪಾರದ ಕಥೆಗಳು ನನ್ನಲ್ಲಿ ಬೇಕಾದಷ್ಟಿವೆ, ಅವನ್ನು ಇನ್ಯಾವಾಗಲಾದರೂ ಕೇಳಿ. ಇವತ್ತು ನನ್ನ ಚೌಕಾಸಿ ಯಾವ ಕೆಲಸಕ್ಕೂ ಬಾರದೆ ಹೋದ ಒಂದು ದಿನದ ಬಗ್ಗೆ ಬರೆಯುತ್ತೇನೆ.

ನೀವು ನನ್ನನ್ನು ತಾತ ಎಂದಾಗ ಅಂಗಡಿಗೆ ಬಂದವರು ನಗುತ್ತಾರೆ, ಏಕೆಂದರೆ ನನ್ನ ತಲೆಗೂದಲು ಇನ್ನೂ ಮುಕ್ಕಾಲು ಕಪ್ಪು. ನಿಮ್ಮ ಅಜ್ಜಿ ನನ್ನ ಅಕ್ಕ. ಅವಳಿಗೂ ಬೇಗ ಮದುವೆಯಾಯಿತು, ಅವಳ ಮಗಳಿಗೂ ಬೇಗ ಆಯಿತು, ಹಾಗಾಗಿ ತಾತನ ಪಟ್ಟ ನನಗೆ ಸ್ವಲ್ಪ ಮೊದಲೇ ಬಂತು. ತಾನಾಗಿ ಬಂದ ಪದವಿಯನ್ನು ಬೇಡ ಎನ್ನಬಾರದು, ಉಳಿಸಿಕೊಳ್ಳಬೇಕು.

ಆಗ ನಾವು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಒಂದು ಓಣಿಯಲ್ಲಿದ್ದೆವು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮಗಿದ್ದದ್ದು ಒಂದೇ ಕೋಣೆಯ ಮನೆ. ಓಣಿಯ ತುದಿಯಲ್ಲಿ ಅಪ್ಪನ ಹೊಲಿಗೆ ಅಂಗಡಿ, ಅಂದರೆ ತಗಡು ಹೊದಿಸಿದ ಒಂದು ಜಗಲಿ. ಅಲ್ಲಿ ಒಂದು ಮಿಷನ್ನು, ಬಟ್ಟೆ ಕತ್ತರಿಸಲು ಒಂದು ಹಲಗೆ, ಇದ್ದಿಲು ಹಾಕುವ ಇಸ್ತ್ರಿ ಪೆಟ್ಟಿಗೆ. ಬೆಳಿಗ್ಗೆ ಮಾರುಕಟ್ಟೆಯ ಕಡೆಯಿಂದ ಸೇವಂತಿಗೆ, ಮೀನು, ಕೊತ್ತಂಬರಿ ಮೂರರ ವಾಸನೆಯೂ ಒಟ್ಟಿಗೇ ತೇಲಿ ಬರುತ್ತಿತ್ತು. ಓಣಿಯ ಮಾತುಗಳೂ ಹಾಗೆಯೇ ಬೆರೆತಿದ್ದವು. ಎಡಗಡೆಯ ಮನೆಯಲ್ಲಿ ತಮಿಳು, ಎದುರು ಮನೆಯಲ್ಲಿ ಉರ್ದು, ನಮ್ಮಲ್ಲಿ ಕನ್ನಡ, ನಲ್ಲಿಯ ಹತ್ತಿರ ಜಗಳವಾದರೆ ಮೂರೂ.

ಅಮ್ಮ ಇರಲಿಲ್ಲ. ನಾನು ಶಾಲೆಗೆ ಸೇರುವ ಮೊದಲೇ ಕಾಯಿಲೆಯಾಗಿ ಹೋಗಿಬಿಟ್ಟಿದ್ದಳು. ಹಸಿರು ಬಳೆ ತೊಟ್ಟ ಒಂದು ಕೈ ನನ್ನ ತಲೆಗೆ ಎಣ್ಣೆ ತಟ್ಟುತ್ತಿದ್ದದ್ದು ನೆನಪಿದೆ, ಆದರೆ ಅದು ಅಮ್ಮನ ಕೈಯೋ ಪಕ್ಕದ ಮನೆಯವರದೋ ಹೇಳಲಾರೆ. ತೀರಿಕೊಂಡವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಹಿರಿಯರು ಹೇಳಿ, ಅವಳ ಸೀರೆಗಳನ್ನೆಲ್ಲ ಕಾರ್ಯದ ದಿನವೇ ಯಾರ್ಯಾರಿಗೋ ಕೊಡಿಸಿದ್ದರು. ಅಪ್ಪ ಆಮೇಲೆ ಅವಳ ಮಾತೇ ಎತ್ತಲಿಲ್ಲ. ಅಪ್ಪ ಎತ್ತದ ಮಾತನ್ನು ಅಕ್ಕನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟಕ್ಕೆ ಕುಳಿತಾಗ ಕೇಳಿಸುತ್ತಿದ್ದದ್ದು ತಟ್ಟೆಯ ಸದ್ದು ಮಾತ್ರ.

ಅಂಗಡಿಯ ಹಲಗೆಯ ಕೆಳಗೆ ಒಂದು ದೊಡ್ಡ ಗಂಟು ಇತ್ತು. ಗಿರಾಕಿಯ ಬಟ್ಟೆಯಲ್ಲಿ ಉಳಿದ ತುಂಡನ್ನು ಅಪ್ಪ ಹೊಲಿದ ಉಡುಪಿನ ಜೊತೆಗೇ ಮಡಿಸಿ ವಾಪಸ್ಸು ಕೊಡುತ್ತಿದ್ದ. ಬೇಡ ಎಂದು ಬಿಟ್ಟುಹೋದದ್ದು ಆ ಗಂಟಿಗೆ ಸೇರುತ್ತಿತ್ತು. ತೇಪೆಗೆ, ಗುಂಡಿಪಟ್ಟಿಗೆ, ಒಳಜೇಬಿಗೆ ಅದರಿಂದಲೇ ತೆಗೆಯುತ್ತಿದ್ದ. ನಾವು ಅದನ್ನು ಚಿಂದಿ ಗಂಟು ಎನ್ನುತ್ತಿದ್ದೆವು. ಅಪ್ಪ ಹಾಗೆನ್ನುತ್ತಿರಲಿಲ್ಲ, 'ತುಂಡಿನ ಗಂಟು' ಎನ್ನುತ್ತಿದ್ದ. ಪ್ರತಿ ವಾರ ನನ್ನ ಶಾಲೆಯ ಸಂತೆಗೆ ಬೇಕಾದ ತುಂಡುಗಳನ್ನು ತಾನೇ ಗಂಟು ಬಿಚ್ಚಿ, ತಾನೇ ಆರಿಸಿ, ತಾನೇ ಕಟ್ಟಿಡುತ್ತಿದ್ದ. ನಾನು ಕೈ ಹಾಕಿದರೆ "ಇರೋ, ನಾನ್ ಕೊಡ್ತೀನಿ" ಎಂದು ಸರಿಸುತ್ತಿದ್ದ. ದರ್ಜಿಗಳ ಅಚ್ಚುಕಟ್ಟು ಎಂದುಕೊಂಡಿದ್ದೆ.

ಇನ್ನು ನಮ್ಮ ಸಂತೆಯ ವಿಷಯ. ನಮ್ಮದು ಹೆಂಚು ಹೊದಿಸಿದ ಹಳೆಯ ಸರ್ಕಾರಿ ಶಾಲೆ. ಒಂದೇ ಉದ್ದ ಕೋಣೆಯನ್ನು ಮರದ ಹಲಗೆ ನಿಲ್ಲಿಸಿ ಎರಡು ಮಾಡಿದ್ದರು. ಆಚೆ ಕಡೆ ತಮಿಳಿನಲ್ಲಿ ಮಗ್ಗಿ ಹೇಳುತ್ತಿದ್ದರೆ ಈಚೆ ಕಡೆ ನಾವು ಕನ್ನಡ ಪದ್ಯ ಹೇಳುತ್ತಿದ್ದೆವು. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ನಮ್ಮ ತರಗತಿಯಲ್ಲೂ ಅರ್ಧ ಇದ್ದರೆ ಹೆಚ್ಚು. ಅದಕ್ಕೇ ನಮ್ಮ ಟೀಚರ್ ಕನ್ನಡದ ಪಾಠ ಮತ್ತು ಚಿತ್ರದ ಪಾಠ ಎರಡನ್ನೂ ಸೇರಿಸಿ ಒಂದು ಸಂತೆ ಮಾಡಿದ್ದರು.

ಸಂತೆಯ ಕ್ರಮ ಹೀಗೆ. ಮೊದಲು ಎಲ್ಲರೂ ಮನೆಯಿಂದ ತಂದ ಬಟ್ಟೆ ಚೂರುಗಳನ್ನು ಸ್ಲೇಟಿನ ಮೇಲೆ ಹರಡಿಕೊಂಡು ಎದುರುಬದುರು ಎರಡು ಸಾಲಾಗಿ ಕೂರಬೇಕು. ಟೀಚರ್ ಆ ದಿನ ಯಾವ ಚಿತ್ರ ಮಾಡಬೇಕೆಂದು ಹೇಳುತ್ತಾರೆ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು, ಒಳಗೆ ಬಣ್ಣ ತುಂಬುವ ಬದಲು ಬಟ್ಟೆ ಅಂಟಿಸಬೇಕು. ಬೇಕಾದ ಬಣ್ಣ ನಿನ್ನಲ್ಲಿ ಇಲ್ಲದಿದ್ದರೆ ಇರುವವರ ಹತ್ತಿರ ಹೋಗಿ ಕೇಳಬೇಕು. ಬೆರಳು ತೋರಿಸುವಂತಿಲ್ಲ, ಕಿತ್ತುಕೊಳ್ಳುವಂತಿಲ್ಲ. ಏನು ಬೇಕು, ಯಾಕೆ ಬೇಕು, ಬದಲಿಗೆ ಏನು ಕೊಡುತ್ತೇನೆ ಎಂದು ಬಾಯಿ ಬಿಟ್ಟು ಹೇಳಬೇಕು. ಕೊಡುವವರೂ ಸುಮ್ಮನೆ ಕೊಡುವಂತಿಲ್ಲ, ಕೇಳಿದವರಿಗೆ ಒಂದು ಪ್ರಶ್ನೆ ಹಾಕಲೇಬೇಕು. ಕನ್ನಡದ ಪದ ಗೊತ್ತಿಲ್ಲದಿದ್ದರೆ ಮನೆಯ ಮಾತಿನಲ್ಲಿ ಹೇಳಬಹುದು, ಆಗ ಟೀಚರ್ ಸಂತೆ ನಿಲ್ಲಿಸಿ ಆ ಪದವನ್ನು ಕನ್ನಡದಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಗಿಣಿಹಸಿರು, ಇಟ್ಟಿಗೆಗೆಂಪು, ಕನಕಾಂಬರ, ನೇರಳೆ, ಬೂದಿ ಎಲ್ಲ ನಾನು ಕಲಿತದ್ದು ಹಾಗೆ. ಈಗಲೂ ಗಿರಾಕಿಗಳು 'ಒಂಥರಾ ಆರೆಂಜ್' ಎಂದರೆ ನಾನು 'ಕನಕಾಂಬರನಾ ಮೇಡಂ, ಇಟ್ಟಿಗೆನಾ' ಎಂದು ಕೇಳುತ್ತೇನೆ. ಬಣ್ಣಕ್ಕೆ ಸರಿಯಾದ ಹೆಸರು ಹೇಳುವ ಅಂಗಡಿಯವನನ್ನು ಗಿರಾಕಿ ನಂಬುತ್ತಾನೆ, ನೆನಪಿಡಿ.

ಆ ಸಂತೆಯಲ್ಲಿ ನಾನೇ ರಾಜ. ದರ್ಜಿಯ ಮಗನಲ್ಲವೇ, ಸರಕಿಗೆ ಬರವಿರಲಿಲ್ಲ. ಮಾತಿಗೂ ಬರವಿರಲಿಲ್ಲ. ಮಾಸಿದ ಚೂರು ಕೊಟ್ಟು ಜರಿಯಂಚು ತರುತ್ತಿದ್ದೆ. ಹುಡುಗರು ನನ್ನನ್ನು 'ಸೇಟು' ಎಂದು ಕರೆಯುತ್ತಿದ್ದರು.

ಆ ದಿನ ಬೆಳಿಗ್ಗೆ ಅಪ್ಪ ಇರಲಿಲ್ಲ. ಲೈನಿಂಗ್ ಬಟ್ಟೆ ತರಲು ಚಿಕ್ಕಪೇಟೆಗೆ ಮೊದಲ ಬಸ್ಸಿಗೇ ಹೋಗಿದ್ದ. ಸಂತೆಯ ದಿನವೆಂಬುದನ್ನು ಮರೆತಿದ್ದನೋ ಏನೋ, ತುಂಡು ಕಟ್ಟಿಟ್ಟಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಗೋಳಾಡಿದೆ. ಅಕ್ಕ ಅದೇ ಶಾಲೆಯಲ್ಲಿ ದೊಡ್ಡ ತರಗತಿಯಲ್ಲಿದ್ದಳು. ಅವಳಿಗೂ ಹೊತ್ತಾಗುತ್ತಿತ್ತು. "ಅಯ್ಯೋ, ಅಷ್ಟಕ್ಕೆ ಯಾಕೋ ಅಳ್ತೀಯ" ಎಂದು ಅಂಗಡಿಗೆ ಬಂದು, ಗಂಟು ಬಿಚ್ಚಿ, ಒಳಗಿನಿಂದ ಒಂದು ಹಿಡಿ ತುಂಡು ತೆಗೆದು ನನ್ನ ಚೀಲಕ್ಕೆ ತುರುಕಿದಳು. ನಾವಿಬ್ಬರೂ ಅದನ್ನು ನೋಡಲೂ ಇಲ್ಲ.

ಶಾಲೆಯಲ್ಲಿ ಟೀಚರ್ ಹಲಗೆಯ ಮೇಲೆ 'ನಮ್ಮ ಬಾಗಿಲಿಂದ ಕಾಣುವುದು' ಎಂದು ಬರೆದರು. ಅವರು ಮನೆಯಲ್ಲೇ ಕಾಯಿಸಿ ತಂದಿದ್ದ ಮೈದಾ ಅಂಟು ಗಾಜಿನ ಬಾಟಲಿಯಲ್ಲಿ ಇನ್ನೂ ಬೆಚ್ಚಗಿತ್ತು. ಅದರ ವಾಸನೆಗೆ ಹಸಿವಾಗುತ್ತಿತ್ತು. "ಅಂಟಿಸೋಕೆ ಮುಂಚೆ ಯೋಚ್ನೆ ಮಾಡಿ" ಎಂದು ಅವರು ಪ್ರತಿ ವಾರ ಹೇಳುತ್ತಿದ್ದರು. "ಹಸಿ ಇದ್ದಾಗ ಬಿಡಿಸ್ಬಹುದು. ಒಣಗಿದ್ಮೇಲೆ ಹರಿಯತ್ತೆ, ಬರಲ್ಲ."

ನಾನು ಮಾರುಕಟ್ಟೆಯ ಹೂವಿನಂಗಡಿಯ ಗೆರೆ ಹಾಕಿಕೊಂಡೆ. ಚೀಲದಿಂದ ತುಂಡುಗಳನ್ನು ಸುರಿದು ಹರಡಿದೆ. ಕೆಂಪು ಪಾಪ್ಲಿನ್, ಆಟೋದವರ ಷರ್ಟಿನ ಖಾಕಿ, ಹಸಿರು ಲಂಗದ ಅಂಚು, ಮತ್ತೆ ಗಂಧದ ಬಣ್ಣದ ಒಂದು ಮೆತ್ತನೆಯ ತುಂಡು, ಅಂಗೈಗಿಂತ ಸ್ವಲ್ಪ ದೊಡ್ಡದು. ಅದನ್ನು ಬದಿಗೆ ಸರಿಸಿದೆ. ಹೂವಿನಂಗಡಿಗೆ ಅಂಥ ಮಂಕು ಬಣ್ಣ ಯಾಕೆ?

ನನ್ನ ಎದುರಿಗೆ ಕುಳಿತಿದ್ದವಳು ಹೊಸ ಹುಡುಗಿ. ಕೋಲಾರದ ಚಿನ್ನದ ಗಣಿಯ ಊರಿನಿಂದ ಬಂದಿದ್ದಳು. ಅಲ್ಲಿ ಕೆಲಸ ಕಡಿಮೆಯಾಗಿ ಅವಳ ಅಪ್ಪ ಅಮ್ಮ ಇಲ್ಲಿಗೆ ಬಂದು, ಹಲಸೂರಿನ ಕಡೆ ಮನೆ ಮಾಡಿದ್ದರು. ಪಾಟಿ, ಅಂದರೆ ಅವಳ ಅಜ್ಜಿ, ಅಲ್ಲೇ ಉಳಿದಿದ್ದಳು. ಹುಡುಗಿಗೆ ತಮಿಳು ಚೆನ್ನಾಗಿ ಬರುತ್ತಿತ್ತು, ಕನ್ನಡ ಅಲ್ಪಸ್ವಲ್ಪ. ತಪ್ಪಾದರೆ ನಗುತ್ತಾರೆ ಎಂದು ಬಾಯಿಯೇ ತೆರೆಯುತ್ತಿರಲಿಲ್ಲ. ಹಿಂದಿನ ಸಂತೆಗಳಲ್ಲಿ ತನ್ನಲ್ಲಿದ್ದ ಬಟ್ಟೆಯಲ್ಲೇ ಏನೋ ಅಂಟಿಸಿ ಸುಮ್ಮನಾಗಿದ್ದಳು. ಆ ದಿನ ಅವಳು ನನ್ನ ಸ್ಲೇಟಿನ ಕಡೆ ಬೆರಳು ತೋರಿಸಿದಳು.

"ಬೆರಳಲ್ಲಮ್ಮ, ಮಾತು" ಎಂದರು ಟೀಚರ್.

ಅವಳು ಬೆರಳು ಮಡಿಸಿಕೊಂಡಳು. ಆಮೇಲೆ, "ನಂಗೆ ಅದು ಬೇಕು. ಗುಡ್ಡಕ್ಕೆ" ಎಂದಳು.

"ಮಗಾ, ಇವ್ಳಿಗೂ ಬಾಯಿ ಇದೆ ಕಣೋ" ಎಂದು ಹಿಂದಿನಿಂದ ಯಾರೋ ಅಂದರು. ಟೀಚರ್ ಆ ಕಡೆ ನೋಡಿದ ಮೇಲೆ ಸದ್ದಡಗಿತು.

ನಾನು ಅಂಗಡಿಯವನ ಮುಖ ಮಾಡಿಕೊಂಡು ನನ್ನ ಪಾಲಿನ ಪ್ರಶ್ನೆ ಹಾಕಿದೆ. "ಗುಡ್ಡ ಅಂದ್ರೆ ಹಸ್ರು ಇರತ್ತೆ. ಇದ್ಯಾವ ಸೀಮೆ ಗುಡ್ಡ?"

"ನಮ್ ಗುಡ್ಡ ಹಂಗಿಲ್ಲ" ಎಂದಳು ಅವಳು. ಮಾತುಗಳನ್ನು ಒಂದೊಂದಾಗಿ ಹುಡುಕಿ ತರುತ್ತಿದ್ದಳು. "ಅದು ಗಣಿ ಒಳಗಿಂದ ತೆಗ್ದು ಹಾಕಿರೋ ಮಣ್ಣು. ಹುಲ್ಲು ಬರಲ್ಲ. ಗಾಳಿ ಬಂದ್ರೆ ಪಾಟಿ ಮನೆಯೆಲ್ಲ ಪುಡಿ. ಅನ್ನದಲ್ಲೂ ಪುಡಿ. ಅದು ಈ ಕಲರ್. ನಿಂಗೆ ಇದು ಕೊಡ್ತೀನಿ."

ಅವಳು ಮುಂದೆ ಚಾಚಿದ್ದು ಬೆಳ್ಳಿ ಎಳೆ ಓಡಿದ ನವಿಲುನೀಲಿ ನೈಲಾನು. ನನಗೆ ಒಳಗೊಳಗೇ ನಗು ಬಂತು. ಇಂಥ ಹೊಳೆಯುವ ಬಟ್ಟೆ ಕೊಟ್ಟು ಮಂಕು ಚೂರು ಒಯ್ಯುತ್ತಾಳಲ್ಲ ಎಂದು ಥಟ್ಟನೆ ಬದಲಾಯಿಸಿಕೊಂಡೆ. ಟೀಚರ್ ಅವಳ ತಲೆ ಸವರಿ ಹಲಗೆಯ ಮೇಲೆ 'ಗಣಿ', 'ಪುಡಿ' ಎಂದು ಬರೆದರು. ಅವಳು ಮೊದಲ ಸಲ ನಕ್ಕಳು. ಒಂದು ಮಾತು ಹೇಳಲೇ? ಎದುರಿನವರು ಕೇಳಿದ ವಸ್ತುವನ್ನು ಕೊಡುವ ಮೊದಲು ಬೆಳಕಿಗೆ ಹಿಡಿದು ಒಮ್ಮೆ ನೋಡಿ. ಬೇರೆಯವರ ಕಣ್ಣಿಗೆ ಅದು ಯಾಕೆ ಬಿತ್ತು ಎಂದು ತಿಳಿದುಕೊಳ್ಳಿ. ನಾನು ನೋಡಲಿಲ್ಲ.

ಮಧ್ಯಾಹ್ನದ ಗಂಟೆ ಬಾರಿಸುವ ಹೊತ್ತಿಗೆ ಎಲ್ಲರದೂ ಅಂಟಿಸಿ ಮುಗಿದಿತ್ತು. ಒಣಗಲಿ ಎಂದು ಚಿತ್ರಗಳನ್ನು ಅಂಗಳದ ಬಿಸಿಲಿಗೆ ಹಾಸಿ ಮೂಲೆಗೊಂದು ಕಲ್ಲಿಟ್ಟೆವು. ಹುಡುಗಿಯದು ಮಾತ್ರ ಇನ್ನೂ ಅವಳ ಮಡಿಲಲ್ಲಿತ್ತು. ಗುಡ್ಡದ ಬುಡದಲ್ಲಿ ಮನೆಗಳ ಸಾಲು ಅಂಟಿಸುತ್ತ ಕುಳಿತಿದ್ದಳು.

ಬಿಡುವಿನಲ್ಲಿ ಅಕ್ಕ ದಿನಾ ಅಪ್ಪನಿಗೆ ಊಟದ ಡಬ್ಬಿ ಕೊಟ್ಟು ಬರುತ್ತಿದ್ದಳು. ಆ ದಿನವೂ ಹೋದಳು. ಬೆಳಿಗ್ಗೆ ಗಂಟು ಬಿಚ್ಚಿ ತಮ್ಮನಿಗೆ ತುಂಡು ಕೊಟ್ಟೆ ಎಂದು ಹೇಳಿದಳಂತೆ. ಅಪ್ಪ ಡಬ್ಬಿ ಮುಚ್ಚಿಟ್ಟು ಗಂಟನ್ನು ತಳದವರೆಗೆ ಹುಡುಕಿ, ಎದ್ದವನೇ ನಡೆದುಬಿಟ್ಟನಂತೆ.

ಅಪ್ಪ ಶಾಲೆಗೆ ಎಂದೂ ಬಂದವನಲ್ಲ. ನನ್ನನ್ನು ಸೇರಿಸಲು ಬಂದವಳು ಕೂಡ ಪಕ್ಕದ ಮನೆಯ ಅತ್ತೆ. ಆ ದಿನ ನಾವು ಮತ್ತೆ ಒಳಗೆ ಕೂರುವಷ್ಟರಲ್ಲಿ ಬಾಗಿಲಲ್ಲಿ ಅಪ್ಪ ನಿಂತಿದ್ದ. ಚಪ್ಪಲಿ ಹೊರಗೆ ಬಿಟ್ಟಿದ್ದ, ಕೊರಳಲ್ಲಿ ಟೇಪು ಹಾಗೇ ಇತ್ತು, ಷರ್ಟಿಗೆ ದಾರದ ಚೂರುಗಳು ಅಂಟಿಕೊಂಡಿದ್ದವು. ಏದುಸಿರು ಬಿಡುತ್ತಿದ್ದ. ಹಿಂದೆ ಅಕ್ಕ.

"ಮೇಡಂ, ನನ್ ಮಗನ ಹತ್ರ ಒಂದು ಮಾತಿತ್ತು" ಎಂದ.

"ಬನ್ನಿ, ಒಳಗೇ ಬನ್ನಿ" ಎಂದರು ಟೀಚರ್.

ಅಪ್ಪ ನನ್ನ ಮುಂದೆ ಬಂದು ನಿಂತ. ಬೈಯುತ್ತಾನೆ ಎಂದು ನಾನು ಕುತ್ತಿಗೆ ಕುಗ್ಗಿಸಿದೆ. ಅವನ ಧ್ವನಿ ತುಂಬ ಸಣ್ಣದಾಗಿತ್ತು. "ಬೆಳಿಗ್ಗೆ ತಂದ ತುಂಡಲ್ಲಿ ಗಂಧದ ಬಣ್ಣದ್ದು ಒಂದಿತ್ತಲ್ಲ. ಎಲ್ಲೋ ಅದು?"

"ಕೊಟ್ಬಿಟ್ಟೆ ಅಪ್ಪ. ಬದ್ಲಿಗೆ ಇದು ತಗೊಂಡೆ." ನಾನು ಉಳಿದಿದ್ದ ನವಿಲುನೀಲಿಯನ್ನು ತೋರಿಸಿದೆ. ಅಪ್ಪ ಅದನ್ನು ನೋಡಲಿಲ್ಲ. ಅವನ ಕಣ್ಣು ಹುಡುಗಿಯ ಮಡಿಲಿನ ಮೇಲೆ ಹೋಗಿ ನಿಂತಿತ್ತು.

ಯಾಕೆ ಬೇಕೆಂದು ನನಗೆ ಗೊತ್ತಿರಲಿಲ್ಲ, ಆದರೆ ಬೇಕು ಎಂಬುದು ಅಪ್ಪನ ಮುಖ ನೋಡಿಯೇ ತಿಳಿಯಿತು. ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ನಾನು ನನ್ನ ಬುದ್ಧಿಯನ್ನೆಲ್ಲ ಸೇರಿಸಿ ಚೌಕಾಸಿಗೆ ಇಳಿದೆ. ನೀಲಿ ವಾಪಸ್ಸು ಕೊಡುತ್ತೇನೆ ಎಂದೆ. ಜೊತೆಗೆ ಕೆಂಪು ಪಾಪ್ಲಿನ್ ಎಂದೆ. ಹೋದ ಸಂತೆಯ ಜರಿಯಂಚೂ ತಗೋ ಎಂದೆ. ಹುಡುಗಿ ಹಾಳೆಯನ್ನು ಎದೆಗೆ ಒತ್ತಿಕೊಂಡಳು.

"ಕೊಡಲ್ಲ. ನೀನ್ ಕೇಳ್ದೆ, ನಾನ್ ಹೇಳ್ದೆ. ಮುಗೀತು."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಸಂತೆಯ ಕ್ರಮ ಅದೇ.

ಅಪ್ಪ ಟೀಚರ್ ಕಡೆ ತಿರುಗಿದ. "ಮೇಡಂ, ನೀವೊಂದು ಮಾತು ಹೇಳಿ. ಕೊಡ್ತಾಳೆ."

"ನಾನು ಹೇಳಿದ್ರೆ ಕೊಡ್ತಾಳೆ, ಹೆದ್ರಿಕೊಂಡು" ಎಂದರು ಟೀಚರ್. "ಬಂದಾಗಿಂದ ಇವತ್ತೇ ಅವ್ಳು ಬಾಯಿ ಬಿಟ್ಟು ಕೇಳಿ ಒಂದು ತಗೊಂಡಿದ್ದು. ನಾನು ಅದನ್ನ ಕಿತ್ಕೊಟ್ರೆ ನಾಳೆಯಿಂದ ಮತ್ತೆ ಮಾತಾಡಲ್ಲ. ನೀವೇ ಕೇಳಿ. ಯಾಕೆ ಬೇಕು ಅಂತ ಹೇಳಿ ಕೇಳಿ, ತಿಳ್ಕೋತಾಳೆ."

ಅಪ್ಪ ಹುಡುಗಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತ. ಕೊರಳಿನ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಮರದ ಹಲಗೆಯ ಆಚೆ ತಮಿಳು ಮಗ್ಗಿ ನಡೆದಿತ್ತು. ಗುಡ್ಡದ ಅಂಚು ಗಾಳಿಗೆ ಒಣಗಿ ಬಿಗಿಯುತ್ತಿರುವುದು ನನಗೆ ಕಾಣುತ್ತಿತ್ತು. ಇನ್ನು ಸ್ವಲ್ಪ ಹೊತ್ತಾದರೆ ಅದು ಹಾಳೆ ಬಿಟ್ಟು ಬರುವುದಿಲ್ಲ. ಅಪ್ಪ ಬಾಗಿಲ ಕಡೆ ನೋಡಿದ. ಎದ್ದು ಹೋಗಿಬಿಡುತ್ತಾನೇನೋ ಎನಿಸಿತು.

"ಮಗೂ" ಎಂದ ಕೊನೆಗೆ. "ಈ ತುಂಡು ನನ್ ಹೆಂಡತಿ ರವಿಕೆದು. ನಾನೇ ಹೊಲ್ದಿದ್ದು. ರವಿಕೆ ಅವಳ ಜೊತೆನೇ ಹೋಯ್ತು. ಮನೇಲಿ ಅವಳದು ಅಂತ ಇನ್ನೇನೂ ಇಲ್ಲ. ಇದೊಂದು ತುಂಡು ನಾನು ಗಂಟಲ್ಲಿ ಸೇರಿಸಿಟ್ಟಿದ್ದೆ. ಅಲ್ಲಿದ್ರೆ ಯಾರೂ ಕೊಟ್ಬಿಡು ಅನ್ನಲ್ಲ ಅಂತ. ಅದಕ್ಕೆ ಬೇಕಿತ್ತು."

ಬಾಗಿಲ ಹತ್ತಿರ ಅಕ್ಕ ಗೋಡೆಗೆ ಒರಗಿದಳು. ಬಟ್ಟೆಯೊಳಗೆ ಬಟ್ಟೆ ಬಚ್ಚಿಡುವ ಉಪಾಯ ದರ್ಜಿಗೆ ಮಾತ್ರ ಹೊಳೆಯುತ್ತದೆ. ನಮಗೆ ಚಿಂದಿ, ಅವನಿಗೆ ತಿಜೋರಿ.

ಹುಡುಗಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಕೊಡುವವರು ಒಂದು ಪ್ರಶ್ನೆ ಕೇಳಬೇಕಲ್ಲ, ಅವಳು ಕೇಳಿದಳು. "ಅವ್ರು ಎಲ್ಲಿ ಹೋದ್ರು?"

"ತೀರ್ಕೊಂಡ್ಳು ಮಗೂ."

ಅವಳಿಗೆ ಆ ಪದ ಗೊತ್ತಿರಲಿಲ್ಲ. ಟೀಚರ್ ಕಡೆ ನೋಡಿದಳು. ಗೊತ್ತಿಲ್ಲದ ಪದ ಬಂದಾಗ ಟೀಚರ್ ಹಲಗೆಯ ಮೇಲೆ ಬರೆಯುತ್ತಿದ್ದರು. ಆ ದಿನ ಸೀಮೆಸುಣ್ಣ ಅವರ ಕೈಯಲ್ಲೇ ಉಳಿಯಿತು. ತರಗತಿಯಲ್ಲಿ ತಮಿಳು ಬರುವವರು ಎಷ್ಟೋ ಮಂದಿ ಇದ್ದರು, ಎಲ್ಲರೂ ತಲೆ ತಗ್ಗಿಸಿದರು. ಅದು ನನ್ನ ಅಮ್ಮನ ವಿಷಯ, ಅವರು ಹೇಗೆ ಹೇಳಿಯಾರು?

ನಾನೇ ಹೇಳಿದೆ. "ಎಂಗಮ್ಮಾ ಇರಂದು ಪೋಯ್ಟಾಂಗ."

ನಮ್ಮಮ್ಮ ಸತ್ತುಹೋದಳು ಎಂಬ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ನಮ್ಮ ಮನೆಯ ಮಾತಿನಲ್ಲಿ ಅದನ್ನು ಹೇಳಲು ನನಗೆ ಆಗುತ್ತಿರಲಿಲ್ಲವೇನೋ. ಪಕ್ಕದ ಮನೆಯ ಮಾತಿನಲ್ಲಿ ಬಂತು. ಅಪ್ಪನಿಗೂ ತಮಿಳು ಅರ್ಥವಾಗುತ್ತಿತ್ತು. ಅವನು ನನ್ನ ಕಡೆ ತಿರುಗಿ ನನ್ನ ಬೆನ್ನ ಮೇಲೆ ಕೈ ಇಟ್ಟ.

ಹುಡುಗಿ ಹಾಳೆಯನ್ನು ನಿಧಾನವಾಗಿ ಕೆಳಗಿಟ್ಟು ಅಪ್ಪನ ಮುಂದೆ ತಳ್ಳಿದಳು. "ತಗೊಳ್ಳಿ ಅಂಕಲ್." ಮನೆಗಳ ಸಾಲನ್ನು ಮುಟ್ಟಿ, "ಆದ್ರೆ ನಂಗೆ ಗುಡ್ಡ ಬೇಕು" ಎಂದಳು.

"ಗುಡ್ಡ ಇಲ್ದೆ ಹೆಂಗಾಗತ್ತೆ" ಎಂದ ಅಪ್ಪ. "ಮಾಡ್ಕೊಡ್ತೀನಿ ಇರು."

ಅವನು ಹೂಜಿಯ ನೀರು ತರಿಸಿಕೊಂಡ. ಬೆರಳ ತುದಿ ಅದ್ದಿ ಅದ್ದಿ, ಗುಡ್ಡದ ಅಂಚಿನಿಂದ ಶುರುಮಾಡಿ, ಮಗುವಿನ ಗಾಯದ ಪಟ್ಟಿ ಬಿಚ್ಚುವಂತೆ ಆ ತುಂಡನ್ನು ಬಿಡಿಸಿದ. ಒಂದು ಎಳೆಯೂ ಹರಿಯಲಿಲ್ಲ. ಅದನ್ನು ಕರವಸ್ತ್ರದಲ್ಲಿ ಇಟ್ಟು, ನನ್ನ ಸ್ಲೇಟಿನಿಂದ ಆಟೋದವರ ಖಾಕಿಯನ್ನು ಎತ್ತಿಕೊಂಡು ತಿರುವಿ ಹಾಕಿದ.

"ಉಲ್ಟಾ ಸೈಡು ನೋಡು. ಬಣ್ಣ ಮಾಸಿದೆ, ಹೊಳಪಿಲ್ಲ. ಧೂಳ್ ಥರಾ ಇಲ್ವಾ?"

ಹುಡುಗಿ ಬಗ್ಗಿ ಮುಟ್ಟಿ ನೋಡಿದಳು. ಉಗುರಿನಿಂದ ಕೆರೆದಾಗ ಖಾಕಿಯ ಒರಟು ಎಳೆಗಳು ಎದ್ದು ನಿಂತವು. "ಗಾಳಿ ಬಂದಂಗಿದೆ" ಎಂದಳು. ಅಪ್ಪ ಜೇಬಿನಿಂದ ಚಿಕ್ಕ ಕತ್ತರಿ ತೆಗೆದು, ಅವಳು ಹೇಳಿದ ಹಾಗೆ, ಮೇಲೆ ಚಪ್ಪಟೆ, ಪಕ್ಕದಲ್ಲಿ ಇಳಿಜಾರು ಎಂದು ಗುಡ್ಡ ಕತ್ತರಿಸಿದ. ಅಂಟಿಸಿದ್ದು ಅವಳೇ. ಮೊದಲಿನ ಗುಡ್ಡಕ್ಕಿಂತ ಅದು ನಿಜವಾದ ಗಣಿಯ ಮಣ್ಣಿನಂತೆ ಕಾಣುತ್ತಿತ್ತು. ಎರಡೂ ಕಡೆಯವರು ಕಳೆದುಕೊಳ್ಳದ ವ್ಯಾಪಾರವನ್ನು ನಾನು ಮೊದಲು ನೋಡಿದ್ದು ಅಲ್ಲಿ. ಆಮೇಲೆ ನನ್ನ ಇಡೀ ಬದುಕಿನಲ್ಲಿ ಅಂಥದ್ದು ತುಂಬ ಸಿಕ್ಕಿಲ್ಲ.

ಸಂಜೆ ಅಪ್ಪ ಬೇಗ ಅಂಗಡಿ ಮುಚ್ಚಿದ. ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಆ ತುಂಡನ್ನು ನೆನೆಸಿದ. ಮೈದಾ ಬಿಳಿಯಾಗಿ ಬಿಟ್ಟುಕೊಂಡಿತು. ಅಕ್ಕ ಒಲೆಯ ಮುಂದೆ, ನಾನು ಬಟ್ಟಲಿನ ಮುಂದೆ. ನಾವು ಕೇಳಲಿಲ್ಲ, ಅವನೇ ಮಾತು ತೆಗೆದ.

"ಈ ತುಂಡು ಉಳೀಬಾರ್ದಿತ್ತು. ರವಿಕೆಗೆ ಅಂತ ಅಳತೆ ಹೇಳಿ ಕಳ್ಸಿದ್ದೆ. ಅಳತೆಗೆ ಸರಿಯಾಗಿ ತಗೊಂಡಿದ್ರೆ ಏನೂ ಉಳೀತಿರ್ಲಿಲ್ಲ. ನಿಮ್ಮಮ್ಮ ಅಂಗಡಿಯವನ ಹತ್ರ ಮಧ್ಯಾಹ್ನದವರೆಗೂ ಕೂತು ವಾದ ಮಾಡಿದ್ಳು. ಬೆಲೆ ಇಳಿಸಲ್ಲ ಅಂದ್ರೆ ಬೇಡ, ಒಂದು ಗೇಣು ಬಟ್ಟೆ ಜಾಸ್ತಿ ಕೊಡು ಅಂತ. ಅವನು ಸಾಕಾಗಿ ಕೊಟ್ಟ."

"ಒಂದು ಗೇಣು ಯಾಕಂತೆ?" ಎಂದಳು ಅಕ್ಕ. ಅವಳು ಬೆನ್ನು ತಿರುಗಿಸಿಯೇ ಇದ್ದಳು.

"ನಾನೂ ಅದೇ ಕೇಳ್ದೆ. ಇರ್ಲಿ ಬಿಡಿ, ಮುಂದೆ ಬೇಕಾಗತ್ತೆ ಅಂದ್ಳು."

ಅಪ್ಪ ನಕ್ಕ. ಆಮೇಲೆ ಮುಖ ಒರೆಸಿಕೊಂಡ. ಅಕ್ಕ ಒಲೆ ಬಿಟ್ಟು ಬಂದು ಅವನ ಪಕ್ಕ ಕುಳಿತಳು. ಆ ದಿನ ಸಾರು ತಳ ಹಿಡಿಯಿತು, ಯಾರೂ ಏನೂ ಅನ್ನಲಿಲ್ಲ. ಅವತ್ತಿನಿಂದ ಅಪ್ಪ ಆಗೊಮ್ಮೆ ಈಗೊಮ್ಮೆ, ಮಿಷನ್ ತುಳಿಯುತ್ತ, ಗುಂಡಿ ಹಾಕುತ್ತ, ಅವಳ ಒಂದೊಂದು ಮಾತು ಹೇಳುತ್ತಿದ್ದ. ಅವಳಿಗೆ ಹುಳಿ ಮಾವಿನಕಾಯಿ ಇಷ್ಟ ಎಂದು. ಅವಳು ಹಲಸೂರು ಕೆರೆಯ ಏರಿಯ ಮೇಲೆ ನಡೆಯುವಾಗ ಚಪ್ಪಲಿ ಕೈಯಲ್ಲಿ ಹಿಡಿಯುತ್ತಿದ್ದಳು ಎಂದು. ನನಗೆ ಅಮ್ಮನೆಂದರೆ ಈ ಮಾತುಗಳೇ. ಅಪ್ಪ ಹೋಗಿ ಈಗ ಬಹಳ ಕಾಲವಾಯಿತು, ಆದರೆ ಅವನು ಹೇಳಿದ್ದರಲ್ಲಿ ಒಂದನ್ನೂ ನಾನು ಮರೆತಿಲ್ಲ.

ಹೋದ ವಾರ ಕಗ್ಗದಾಸಪುರದ ನಿಮ್ಮ ಮನೆಗೆ ಬಂದಾಗ ನೀವು ಶಾಲೆಯ ಚಿತ್ರದ ಕೆಲಸ ಮಾಡುತ್ತ ಕುಳಿತಿದ್ದಿರಿ. ಡಬ್ಬಿಯೊಳಗೆ ಎಲ್ಲ ಬಂದಿತ್ತು. ಕತ್ತರಿಸಿಟ್ಟ ಗುಡ್ಡ, ಕತ್ತರಿಸಿಟ್ಟ ಸೂರ್ಯ, ಹಿಂದೆ ಅಂಟು ಹಚ್ಚಿದ ಮೋಡ. ನಿಮ್ಮ ಬಣ್ಣಗಳು ಚಂದ, ನಿಮ್ಮ ಕೈ ಗಲೀಜಾಗುವುದಿಲ್ಲ, ಯಾರ ಹತ್ತಿರವೂ ಏನನ್ನೂ ಕೇಳಿ ಪಡೆಯುವ ಕಷ್ಟವಿಲ್ಲ. ಸುಖವನ್ನು ಸುಖ ಎಂದೇ ಹೇಳಬೇಕು, ನಾನು ಹೊಟ್ಟೆಕಿಚ್ಚು ಪಡುವವನಲ್ಲ. ನಿಮ್ಮ ಅಮ್ಮನ ಫೋನಿನಲ್ಲಿ ನೀವು ಹುಟ್ಟಿದ ಗಳಿಗೆಯಿಂದ ನಿನ್ನೆಯ ಊಟದವರೆಗೆ ಎಲ್ಲರ ಮುಖ, ಎಲ್ಲರ ನಗು ಇದೆ. ನಮ್ಮ ಮನೆಯಲ್ಲಿ ಅಮ್ಮನದು ಒಂದು ಫೋಟೋ ಕೂಡ ಇರಲಿಲ್ಲ.

ಆದರೂ ನಿಮ್ಮ ಹತ್ತಿರ ಒಂದು ಕೆಲಸ ಇದೆ, ನೀವೇ ಮಾಡಬೇಕು. ಅಮ್ಮ ಹೋದಾಗ ನಿಮ್ಮ ಅಜ್ಜಿ, ಅಂದರೆ ನನ್ನ ಅಕ್ಕ, ಬುದ್ಧಿ ತಿಳಿದ ಹುಡುಗಿ. ಅವಳಿಗೆ ಅಮ್ಮ ನೆನಪಿದ್ದಾಳೆ, ಮುಖ, ದನಿ, ಎಲ್ಲ. ನಾನು ಊರವರನ್ನೆಲ್ಲ ಕೇಳಿ ಬದುಕಿದವನು, ಅವಳನ್ನು ಮಾತ್ರ ಕೇಳಲಿಲ್ಲ. ಅತ್ತುಬಿಡುತ್ತಾಳೆ ಎಂಬ ಹೆದರಿಕೆ. ಮೊಮ್ಮಕ್ಕಳು ಕೇಳಿದರೆ ಅಳುವುದಿಲ್ಲ, ಅತ್ತರೂ ಹೇಳುತ್ತಾಳೆ. ಭಾನುವಾರ ಊಟವಾದ ಮೇಲೆ ಟಿವಿ ಆರಿಸಿ, ಹತ್ತಿರ ಕುಳಿತು ಕೇಳಿ. ನಮ್ಮಮ್ಮ ನಗುವಾಗ ಹೇಗೆ ನಗುತ್ತಿದ್ದಳು ಎಂದು ಕೇಳಿ. ಕೇಳಿಕೊಂಡು ಬಂದು ನನಗೂ ಹೇಳಿ.